ಹದ್ದಿನಗುಂಡಿನ ತುಂಬೆ ಬೀಜ

ಪೂಜ್ಯ ದಾನವ್ವ ತಾಯಿಯವರು ಹದ್ದಿನಗುಂಡು ಎಂಬ ಗುಡ್ಡದ ಬಂಡೆಗಳ ನಡುವೆ ಒಂದು ಪುಟ್ಟ ಗವಿಯಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ತಂಬಿಗೆ, ಕೊರಳಲ್ಲಿ ಲಿಂಗ. ಇಷ್ಟೇ ಅವರ ಸಂಸಾರ. ಗವಿಯ ಮುಂದೆ ಬಂಡೆ ಬಿರಿದ ಕಡೆಯಲ್ಲೆಲ್ಲ ತುಂಬೆ ಗಿಡಗಳು ತಾವಾಗಿಯೇ ಹುಟ್ಟಿ ಬೆಳ್ಳಗೆ ಹೂಬಿಡುತ್ತಿದ್ದವು. ತಾಯಿಯವರು ದಿನಕ್ಕೆ ಐದೇ ಹೂ ಕಿತ್ತು ಪೂಜಿಸುತ್ತಿದ್ದರು. ಉಳಿದದ್ದು ಜೇನ್ನೊಣಗಳ ಪಾಲು. ಆ ಗಿಡಗಳಿಂದಾದ ಅದ್ಭುತವನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ!

ಒಂದು ಶ್ರಾವಣದ ಮುಂಜಾನೆ ಎಲೆತೋಟದ ಅಡಿವೆಪ್ಪ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ. ಸಾಧುಸಂತರೆಂದರೆ ಮೂಗು ಮುರಿಯುವ ಆಸಾಮಿ. ಆದರೆ ವೀಳ್ಯದೆಲೆ ಬಳ್ಳಿ ಬೆಳೆಸುವುದರಲ್ಲಿ ಅವನದು ಎತ್ತಿದ ಕೈ. ಅವನ ಹೆಂಡತಿ ನೀಲವ್ವ ವಿಷಮಜ್ವರದಲ್ಲಿ ನರಳುವಾಗ, ಬದುಕಿದರೆ ತನ್ನ ಅಂಗಳದಲ್ಲೇ ಬೆಳೆದ ತುಂಬೆ ಹೂವನ್ನು ಲಿಂಗಕ್ಕೆ ಏರಿಸುವೆನೆಂದು ಹರಕೆ ಹೊತ್ತಿದ್ದಳು. ಜ್ವರವೇನೋ ಬಿಟ್ಟಿತು, ವೈದ್ಯರೂ ಭಯವಿಲ್ಲ ಎಂದರು. ಆದರೆ ಅಡಿವೆಪ್ಪ ನೆಟ್ಟ ತುಂಬೆ ಗಿಡಗಳು ಒಂದೊಂದಾಗಿ ಸತ್ತವು. ಶಿವನಿಗೆ ತಾನು ಬೇಡವಾದೆನೆಂದೇ ಬಗೆದ ನೀಲವ್ವ ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

“ಮೂರು ಸರತಿ ಹಚ್ಚೀನ್ರಿ ಅವ್ವಾರ, ಮೂರೂ ಸರತಿ ಕೊಳತು ಹೋತು! ಕಲ್ಲಿನ ಮ್ಯಾಲ ಬೆಳಿಯೋ ಗಿಡ ನನ್ನ ಅಂಗಳದಾಗ ಯಾಕ ಬರವಲ್ದು? ನೀವೇನರ ಮಂತ್ರ ಹಾಕೀರೇನು?” ಎಂದು ಅಡಿವೆಪ್ಪ ಗದರಿಯೇ ಕೇಳಿದ.

ತಾಯಿಯವರು ನಸುನಕ್ಕರು. “ಏನೇನು ಮಾಡಿದಿ, ತಮ್ಮಾ?”

“ಎಲೆಬಳ್ಳಿಗೆ ಮಾಡಿದಂಗ ಮಾಡೀನ್ರಿ. ಕೊಟ್ಟಿಗಿ ಗೊಬ್ಬರ, ಎರಡೂ ಹೊತ್ತು ನೀರು, ಬಿಸಿಲು ತಾಗಬಾರದಂತ ಮ್ಯಾಲ ಗರಿ ಚಪ್ಪರ.”

“ನೀಲವ್ವನ ಎಲ್ಲಿ ಮಲಗಿಸೀದಿ?”

“ಒಳಗಿನ ಖೋಲ್ಯಾಗ್ರಿ, ಕಿಟಕಿ ಮುಚ್ಚಿ. ಕೂಸಿನಂಗ ನಾನ ತುತ್ತು ಮಾಡಿ ಕೊಡತೀನಿ. ಕಾಲು ನೆಲಕ್ಕ ಇಡಾಕ ಬಿಟ್ಟಿಲ್ಲ.”

ತಾಯಿಯವರು ಎದ್ದು, ಒಣಗಿದ ತುಂಬೆ ತೆನೆಗಳನ್ನು ಅಂಗೈಯಲ್ಲಿ ಉಜ್ಜಿ, ಬೀಜವನ್ನು ಅವನ ಹೆಗಲ ವಸ್ತ್ರದ ಸೆರಗಿಗೆ ಸುರಿದರು. “ನಿನ್ನ ಅಂಗಳದ ಕಟ್ಟಿ ಕಲ್ಲಿನ ಸಂದ್ಯಾಗ, ಬಿಸಿಲಿಗೆ ಚೆಲ್ಲು. ಮಣ್ಣು ಮುಚ್ಚಬ್ಯಾಡ. ಮಳಿ ನೀರ ಸಾಕು. ಆಮ್ಯಾಲ ಕೈ ಕಟ್ಟಿ ನಿಂದ್ರು. ನೀಲವ್ವಗೂ ಹಂಗ ಮಾಡು” ಎಂದರು.

ಅಡಿವೆಪ್ಪನಿಗೆ ನಂಬಿಕೆ ಬರಲಿಲ್ಲ. ಆದರೂ ಬೇರೆ ದಾರಿ ಕಾಣದೆ ಬೀಜ ಚೆಲ್ಲಿದ, ಚಪ್ಪರ ಕಿತ್ತ, ಹಾಸಿಗೆಯನ್ನು ಪಡಸಾಲೆಗೆ ತಂದ. ಅಬ್ಬಾ, ಅವನ ಪಾಡು ಹೇಳತೀರದು! ಬಿಸಿಲೇರಿದರೆ ಸಾಕು, ಕೈ ನೀರಿನ ಕೊಡದ ಕಡೆಗೆ ಓಡುತ್ತಿತ್ತು. ಹಲ್ಲು ಕಚ್ಚಿ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದ. ವಾರದೊಳಗೆ ಕಲ್ಲಿನ ಸಂದಿಯಲ್ಲಿ ಹಸಿರು ಇಣುಕಿತು! ಅದನ್ನು ನೋಡಲೆಂದು ನೀಲವ್ವ ತಾನೇ ಎದ್ದು ಕುಳಿತಳು. ಗಿಡ ಗೇಣುದ್ದವಾಗುವಷ್ಟರಲ್ಲಿ ತಟ್ಟೆ ಎಳೆದುಕೊಂಡು ತನ್ನ ಕೈಯಿಂದಲೇ ಉಣ್ಣತೊಡಗಿದಳು.

ಕಾರ್ತಿಕದ ಮೊದಲ ಸೋಮವಾರ ಬೆಳಗ್ಗೆ ಹೂವರಳಿತು. “ನೀಲಾ, ಹೂ!” ಎಂದು ಅಡಿವೆಪ್ಪ ಕೇರಿಗೆಲ್ಲ ಕೇಳುವಂತೆ ಕೂಗಿ, ಆಕೆಯನ್ನು ಎತ್ತಿಕೊಳ್ಳಲು ಧಾವಿಸಿದ. ಅಷ್ಟರಲ್ಲಿ ತಾಯಿಯವರ ಮಾತು ನೆನಪಾಗಿ ಗಕ್ಕನೆ ನಿಂತು ಕೈ ಕಟ್ಟಿದ. ನೀಲವ್ವ ಕಂಬ ಹಿಡಿದು ಎದ್ದಳು. ತೂರಾಡಿದಳು. ಆದರೂ ಅಡಿವೆಪ್ಪ ಕಟ್ಟಿದ ಕೈ ಬಿಚ್ಚಲಿಲ್ಲ. ಆಕೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಅಂಗಳಕ್ಕೆ ಬಂದು, ಹೂ ಕಿತ್ತು ಲಿಂಗಕ್ಕೆ ಏರಿಸಿದಳು. ಅಡಿವೆಪ್ಪ ನಿಂತಲ್ಲೇ ಗಳಗಳನೆ ಅತ್ತುಬಿಟ್ಟ.

ಕೊನೆಯ ಕಾರ್ತಿಕ ಸೋಮವಾರ ಊರಿಗೆ ಊರೇ ಬೆರಗಾಗಿ ನೋಡಿತು. ನೀಲವ್ವ ಮುಂದೆ, ಅಡಿವೆಪ್ಪ ನಾಲ್ಕು ಹೆಜ್ಜೆ ಹಿಂದೆ ಕೈ ಕಟ್ಟಿಕೊಂಡು, ಹದ್ದಿನಗುಂಡು ಹತ್ತುತ್ತಿದ್ದರು. ಗವಿಯ ಮುಂದೆ ಅವನು ತಾಯಿಯವರ ಪಾದಕ್ಕೆ ಹಣೆ ಹಚ್ಚಿದ.

“ಏನು ಮಾಡಿದಿ, ತಮ್ಮಾ?” ಎಂದು ತಾಯಿಯವರು ಕೇಳಿದರು.

“ಏನೂ ಮಾಡಲಿಲ್ರಿ ಅವ್ವಾರ,” ಎಂದ ಅಡಿವೆಪ್ಪ ಕಣ್ಣೊರೆಸಿಕೊಳ್ಳುತ್ತ. “ಜನ್ಮದಾಗ ಇಷ್ಟು ಕಷ್ಟದ ಕೆಲಸ ಮಾಡಿದ್ದಿಲ್ಲ!”