ಕೊನೆಯ ಸರದಿಯ ನೀರು

"ತಾಳ್ಮೆ ಇಲ್ಲದವರಿಗೆ ತಾಳ್ಮೆ ಕಲಿಸುವುದು ಹೇಗೆ, ಮಾತಾಜಿ?"

ಕೇಳಿದವನು ಆಶ್ರಮದ ಹಿರಿಯ ಶಿಷ್ಯ ವಾಮದೇವ. ಕೇಳುವಾಗ ಅವನ ಧ್ವನಿಯಲ್ಲಿಯೇ ತಾಳ್ಮೆ ಇರಲಿಲ್ಲ.

"ಯಾರಿಗೆ ಕಲಿಸಬೇಕು?" ಎಂದರು ಮಾತಾಜಿ.

"ಅಡುಗೆಯ ಪದ್ದಕ್ಕನಿಗೆ. ಈವತ್ತು ಮಧ್ಯಾಹ್ನ ಅತಿಥಿಗಳ ಎದುರಿಗೇ ರಂಪ ಮಾಡಿದರು. ಮೊದಲ ಪಂಕ್ತಿಯಲ್ಲಿ ನಾವು, ಎರಡನೆಯದರಲ್ಲಿ ಅತಿಥಿಗಳು, ಮೂರನೆಯದರಲ್ಲಿ ಅವರ ಜೊತೆ ಬಂದವರು. ಎಲ್ಲರೂ ಉಂಡೆದ್ದ ಮೇಲೆ ಪದ್ದಕ್ಕ ತಮ್ಮ ಎಲೆ ಹಾಕಿಕೊಂಡರು. ಅನ್ನದ ಪಾತ್ರೆಯ ಮುಚ್ಚಳ ತೆಗೆದರು. ತೆಗೆದವರೇ ಪಾತ್ರೆಯನ್ನು ಎತ್ತಿ ಗೋಡೆಗೆ ಬೀಸಿ ಒಗೆದರು. ಜಗಲಿಯಲ್ಲಿ ಕುಳಿತವರೆಲ್ಲ ಬೆಚ್ಚಿಬಿದ್ದರು."

"ಆಮೇಲೆ ನೆಲ ಒರೆಸಿದವರು ಯಾರು?"

"ಒರೆಸುವ ಹಾಗೇನೂ ಆಗಲಿಲ್ಲ. ಪಾತ್ರೆಯ ಕಂಠ ಮಾತ್ರ ಬಾಗಿದೆ." ವಾಮದೇವ ಒಂದು ಹೆಜ್ಜೆ ಮುಂದೆ ಬಂದ. "ಇಷ್ಟು ಕೋಪ ಇರುವವರು ಆಶ್ರಮದಲ್ಲಿ ಇರಬಾರದು. ನಾಳೆ ಬೆಳಗಿನ ಬಸ್ಸಿಗೆ ಅವರನ್ನು ಊರಿಗೆ ಕಳಿಸಿಬಿಡೋಣ ಎಂದು ಎಲ್ಲರ ಅಭಿಪ್ರಾಯ. ನಿಮ್ಮದೊಂದು ಮಾತು ಬೇಕು."

ಮಾತಾಜಿ ಆ ಮಾತು ಕೊಡಲಿಲ್ಲ. ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಂದು ಊರು. ಅಲ್ಲಿ ಹತ್ತು ದೋಣಿ, ಹತ್ತು ಮೋಟಾರು. ದೋಣಿಯ ಹಿಂಬದಿಗೆ ಕಚ್ಚಿಸಿ ಕೂರಿಸುವ ಮೋಟಾರುಗಳು ಅವು. ಬೇಡವಾದಾಗ ಬಿಚ್ಚಿ ಹೆಗಲ ಮೇಲೆ ಮನೆಗೆ ತರಬಹುದು. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಹಾಗಿಲ್ಲ. ದೋಣಿ ದಡ ಹತ್ತುತ್ತದೆ, ಮೋಟಾರು ಮೂಲೆ ಸೇರುತ್ತದೆ.

ದುಡಿಯುವಾಗ ಕೆಡದ ಯಂತ್ರ ಕುಳಿತಾಗ ಕೆಡುತ್ತದೆ. ಓಡುವ ಮೋಟಾರು ತನ್ನ ಬಿಸಿ ತಣಿಸಿಕೊಳ್ಳಲು ಕಡಲ ನೀರನ್ನೇ ಕುಡಿಯುತ್ತದೆ. ನೀರು ಹೊರಗೆ ಹೋಗುತ್ತದೆ, ಉಪ್ಪು ಒಳಗೆ ಉಳಿಯುತ್ತದೆ. ಮಳೆಗಾಲದ ತಂಡಿಯಲ್ಲಿ ಆ ಉಪ್ಪು ಒಳಗೊಳಗೇ ಲೋಹ ತಿನ್ನುತ್ತದೆ, ನೀರಿನ ದಾರಿ ಕಟ್ಟುತ್ತದೆ. ಆದ್ದರಿಂದ ಮಳೆ ಹಿಡಿಯುವ ಮೊದಲು ಮೋಟಾರನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಇಳಿಸಿ ಓಡಿಸಬೇಕು. ಒಳಗಿನ ಉಪ್ಪು ತೊಳೆದು ಹೋಗಬೇಕು. ಆಮೇಲೆ ಆಯಿಲ್ ಹಾಕಿ, ಗೋಣಿ ಸುತ್ತಿ ಇಟ್ಟರೆ ಮಳೆ ಕಳೆಯುವ ತನಕ ಚಿಂತೆ ಇಲ್ಲ.

ಆ ಊರಿಗೆಲ್ಲ ಇದ್ದದ್ದು ಒಂದೇ ಡ್ರಮ್. ದೊಡ್ಡ ದೋಣಿಯ ಯಜಮಾನನ ಅಪ್ಪ ತಂದಿಟ್ಟದ್ದು. ಹಾಗಾಗಿ ಮೊದಲ ಸರದಿ ಯಜಮಾನನದು. ಉಳಿದವರದು ದೋಣಿಯ ಗಾತ್ರಕ್ಕೆ ತಕ್ಕಂತೆ ಒಬ್ಬರ ಹಿಂದೆ ಒಬ್ಬರು. ಎಲ್ಲ ಮೋಟಾರೂ ಇಳಿಯುವುದು ಅದೇ ನೀರಿಗೆ. ಬೇಸಗೆಯ ಕೊನೆಗೆ ದಂಡೆಯ ಬಾವಿಗಳೆಲ್ಲ ಉಪ್ಪಾಗಿರುತ್ತಿದ್ದವು. ಗುಡ್ಡದ ಬುಡದ ಒಂದು ಬಾವಿ ಮಾತ್ರ ಸಿಹಿ. ಸರದಿಗೊಮ್ಮೆ ನೀರು ಬದಲಿಸಲು ಹೊರುವವರು ಯಾರು?

ಕೊನೆಯ ಸರದಿ ಒಬ್ಬ ಬಡ ಮೀನುಗಾರನದು. ಡ್ರಮ್ಮಿಗೆ ನೀರು ಹೊರುವ ಕೆಲಸ ಕೊನೆಯ ಸರದಿಯ ಮನೆಯ ಹೆಣ್ಣಿನದು. ಈ ನಿಯಮ ಯಾರು ಮಾಡಿದರು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಮಾಡದ ನಿಯಮವನ್ನು ಮುರಿಯುವುದು ಬಲು ಕಷ್ಟ.

ಮೀನುಗಾರನ ಹೆಂಡತಿ ಮದುವೆಯಾಗಿ ಬಂದಂದಿನಿಂದ ಆ ನೀರು ಹೊತ್ತಳು. ತಾನು ಹೊತ್ತ ನೀರಿನಲ್ಲಿ ಒಂಬತ್ತು ಮನೆಯ ಉಪ್ಪು ಕರಗುವುದನ್ನು ನೋಡಿದಳು. ಕೊನೆಗೆ ಗಂಡ ತನ್ನ ಮೋಟಾರನ್ನು ಆ ಕಪ್ಪು ಕಲಗಚ್ಚಿಗೆ ಇಳಿಸುವುದನ್ನೂ ನೋಡಿದಳು. ಗಂಡ ಸಾಧು ಮನುಷ್ಯ. "ನೀರು ನೀರೇ. ನಮ್ಮ ಸರದಿಯೂ ಬಂತಲ್ಲ," ಎನ್ನುತ್ತಿದ್ದ.

"ಸರದಿ ಬಂತು. ನೀರು ಬರಲಿಲ್ಲ," ಎನ್ನುತ್ತಿದ್ದಳು ಅವಳು. ಆದರೆ ಮನೆಯೊಳಗೆ, ಒಲೆಯ ಮುಂದೆ. ಹೊರಗೆ ಬಾಯಿ ಬಿಡುತ್ತಿರಲಿಲ್ಲ. ಊರಿನಲ್ಲಿ ಅವಳಿಗೆ ಒಳ್ಳೆಯವಳು ಎಂಬ ಹೆಸರಿತ್ತು. ಕೊಡಕ್ಕಿಂತ ಆ ಹೆಸರೇ ಹೆಚ್ಚು ಭಾರವಾಗಿತ್ತು.

ಒಂದು ವರ್ಷ ಮಳೆ ಕಳೆದು ದೋಣಿಗಳು ಕಡಲಿಗೆ ಇಳಿದವು. ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ, ತೆರೆಗಳ ನಡುವೆ, ಮೀನುಗಾರನ ಮೋಟಾರು ಬಿಸಿಯೇರಿ ನಿಂತುಹೋಯಿತು. ದೋಣಿ ಅಡ್ಡ ತಿರುಗಿತು. ತೆರೆ ಅದನ್ನು ಮಗುಚಿ ಹಾಕಿತು. ಮೀನುಗಾರ ಜೀವ ಉಳಿಸಿಕೊಂಡು ಬಂದ, ಒಂದು ಕಾಲು ಸೊಟ್ಟಗಾಯಿತು. ಬಲೆಗೆ ಸಿಕ್ಕಿ ಮೇಲೆ ಬಂದ ಮೋಟಾರನ್ನು ರಿಪೇರಿಯವನು ಬಿಚ್ಚಿ ನೋಡಿದ. ನೀರಿನ ದಾರಿಯಿಂದ ಉಪ್ಪಿನ ಹೆಂಟೆ ಕೆರೆದು ತೆಗೆದ.

"ತೊಳೆಯದೆ ಇಟ್ಟಿದ್ದಿರಾ?"

"ತೊಳೆದೇ ಇಟ್ಟಿದ್ದೆ," ಎಂದ ಮೀನುಗಾರ.

ಸುತ್ತ ನಿಂತವರು ನಕ್ಕರು. "ಅವನ ಕೈಗುಣವೇ ಹಾಗೆ," ಎಂದರು.

ಹೆಂಡತಿ ಆ ನಗು ಕೇಳಿದಳು. ಅಂದಿನಿಂದ ಅವಳಿಗೆ ಎಲ್ಲದರ ಮೇಲೂ ಕೋಪ. ಯಜಮಾನನ ಮೇಲೆ, ಸಾಧು ಗಂಡನ ಮೇಲೆ, ಬಾವಿಯ ದಾರಿಯ ಮೇಲೆ. ಕೊಡ ಕೂರಿಸಲು ತಲೆಯ ಮೇಲಿಡುವ ಬಟ್ಟೆಯ ಸಿಂಬಿಯನ್ನು ಕಂಡರೂ ಕೋಪ. ಇನ್ನೊಮ್ಮೆ ಅಳಿವೆಯಲ್ಲಿ ಮೋಟಾರು ನಿಂತರೆ ಸೊಟ್ಟ ಕಾಲಿನವನು ಈಜಿ ಬರಲಾರ. ಇದನ್ನು ಅವಳು ತಿಳಿದಿದ್ದಳು. ಅವನೂ ತಿಳಿದಿದ್ದ. ಆದರೂ ಮರುವರ್ಷ ಮಳೆಗೆ ಮೊದಲು ಅವನು ಸಾಲಿನ ತುದಿಗೇ ಹೋಗಿ ನಿಂತ.

ಅವಳು ಡ್ರಮ್ ತುಂಬಿಸಿದಳು. ಕೊನೆಯ ಕೊಡ ಸುರಿದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಯಜಮಾನನ ಎದುರಿಗೆ ಬಂದಳು.

"ಅಣ್ಣ, ಈ ಸಲ ನಮ್ಮದು ಮೊದಲು ಇಳಿಯಲಿ."

"ಎಂತ ಮಾರಾಯ್ತಿ, ನಾಲ್ಕು ಕೊಡ ಹೊತ್ತದ್ದಕ್ಕೆ ಬಾವಿಯೇ ನಿನ್ನದಾಯಿತಾ?"

ಎಲ್ಲರೂ ನಕ್ಕರು. ಅವಳು ಕದಲಲಿಲ್ಲ.

"ಬಾವಿ ಬೇಡ. ಒಂದು ಸರದಿ ಕೊಡಿ. ಅಳಿವೆಯಲ್ಲಿ ಏನಾಯಿತು ಎಂದು ನೀವು ಕಂಡಿದ್ದೀರಿ."

"ಸಾಲು ಎಂದರೆ ಸಾಲು," ಎಂದ ಯಜಮಾನ. "ನಿನಗೊಬ್ಬಳಿಗೆ ಮುರಿದರೆ ನಾಳೆ ಎಲ್ಲರಿಗೂ ಮುರಿಯಬೇಕು. ಹೆಣ್ಣಿಗೆ ತಾಳ್ಮೆ ಬೇಕು. ಭೂಮಿತಾಯಿಯನ್ನು ನೋಡಿ ಕಲಿ."

"ಭೂಮಿತಾಯಿಯ ತಲೆಯ ಮೇಲೆ ಯಾರೂ ಕೊಡ ಹೊರಿಸಲಿಲ್ಲ," ಎಂದಳು ಅವಳು.

ಈ ಸಲ ಯಾರೂ ನಗಲಿಲ್ಲ. ಆದರೆ ಸಾಲೂ ಅಲುಗಲಿಲ್ಲ. ಯಜಮಾನನ ಮೋಟಾರು ಇಳಿಯಿತು, ಗುಡುಗಿತು, ಎದ್ದಿತು. ಎರಡನೆಯದು ಇಳಿಯಿತು. ಮೂರನೆಯದು ಇಳಿಯುವಾಗ ನೀರಿನ ಮೇಲೆ ಎಣ್ಣೆಯ ಬಣ್ಣ ಆಡತೊಡಗಿತು. ಆಮೇಲಿನವರು ಬರಿದೆ ನೀರು ಕದಡಿ ಹೋದರು. ಅವಳು ನಿಂತೇ ಇದ್ದಳು. ಒಂಬತ್ತನೆಯವನು ತನ್ನ ಮೋಟಾರು ಎತ್ತಿಕೊಂಡು ಹೋಗುವಾಗ ಹಿಂತಿರುಗಿ, "ಇನ್ನು ನಿಮ್ಮದೇ ರಾಜ್ಯ, ಅತ್ತಿಗೆ," ಎಂದ.

ಮೀನುಗಾರ ಕುಂಟುತ್ತ ಮೋಟಾರು ತಂದ. ಅವನು ಅದನ್ನು ಇಳಿಸುವ ಮೊದಲು ಹೆಂಡತಿ ಡ್ರಮ್ಮಿನ ಅಂಚು ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ, ಅದನ್ನು ದೂಡಿ ಕೆಡವಿದಳು.

ನೀರು ಮರಳಿನಲ್ಲಿ ಇಂಗಿಹೋಯಿತು.

ಆಗ ಎದ್ದ ಬೊಬ್ಬೆ ಅಷ್ಟಿಷ್ಟಲ್ಲ. ಬೇಸಗೆಯ ಕೊನೆಯಲ್ಲಿ ಸಿಹಿನೀರು ಚೆಲ್ಲಿದ ಪಾಪಿ ಎಂದರು. ಗಂಗೆಗೆ ಕಾಲು ತಾಗಿಸಿದಳು ಎಂದರು. ಮೈಮೇಲೆ ಏನೋ ಬಂದಿದೆ ಎಂದೂ ಒಬ್ಬ ಹೇಳಿದ. ಯಜಮಾನ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

"ಊರ ನೀರು ಚೆಲ್ಲಿದ್ದೀಯ. ಎಲ್ಲರ ಎದುರಿಗೆ ತಪ್ಪಾಯಿತು ಎನ್ನು. ಇಲ್ಲದಿದ್ದರೆ ಮಳೆ ಕಳೆದ ಮೇಲೆ ನಿಮ್ಮ ದೋಣಿಗೆ ಈ ದಡದಲ್ಲಿ ಒಂದು ಹೆಗಲೂ ಸಿಗುವುದಿಲ್ಲ."

ಆ ಮಾತು ಸಣ್ಣದಲ್ಲ. ಮರಳಿನಿಂದ ದೋಣಿಯನ್ನು ನೀರಿಗೆ ಇಳಿಸಲು ಊರಿನ ಹೆಗಲೆಲ್ಲ ಬೇಕು. ಹೆಗಲಿಲ್ಲದ ದೋಣಿ ಬರೀ ಸೌದೆ. ಮೀನುಗಾರ ತಾನೇ ಮುಂದೆ ಬಂದು ಕೈಮುಗಿದ. ಹೆಂಡತಿ ಅವನ ಎರಡು ಕೈಗಳನ್ನೂ ಹಿಡಿದು ಕೆಳಗಿಳಿಸಿದಳು.

ಅಡ್ಡ ಬಿದ್ದ ಡ್ರಮ್ಮಿನ ಹೊಟ್ಟೆಯಲ್ಲಿ ಒಂದಿಷ್ಟು ನೀರು ಉಳಿದಿತ್ತು. ಅವಳು ಬಗ್ಗಿ ಅದನ್ನು ಚೊಂಬಿನಲ್ಲಿ ಮೊಗೆದು ಯಜಮಾನನ ಎದುರಿಗೆ ಹಿಡಿದಳು.

"ತಪ್ಪಾಯಿತು ಎನ್ನುತ್ತೇನೆ. ಚೆಲ್ಲಿದ್ದು ಸಿಹಿನೀರು ಎಂದು ಊರೆಲ್ಲ ಹೇಳುತ್ತಿದೆ. ಕುಡಿಯಬೇಡಿ, ನಾಲಿಗೆಗೆ ಒಂದು ಹನಿ ಹಚ್ಚಿ ನೀವೂ ಹಾಗೆಯೇ ಹೇಳಿ. ಇಲ್ಲಿಯೇ ಮರಳಿಗೆ ಹಣೆ ತಾಗಿಸುತ್ತೇನೆ."

ಊರ ಎದುರಿಗೆ ಒಲ್ಲೆ ಎನ್ನಲು ಯಜಮಾನನಿಂದ ಆಗಲಿಲ್ಲ. ಬೆರಳು ಅದ್ದಿ ನಾಲಿಗೆಗೆ ಹಚ್ಚಿದ. ಸಿಹಿ ಎನ್ನಬೇಕೆಂದೇ ಬಾಯಿ ತೆರೆದ. ಮಾತು ಬರುವ ಮೊದಲು ಉಗುಳು ಬಂತು.

ಗುಂಪಿನ ಹಿಂದಿನಿಂದ ಯಜಮಾನನ ಸ್ವಂತ ಹೆಂಡತಿಯ ದನಿ ಕೇಳಿತು: "ಉಗುಳಿದಿರಲ್ಲ. ಈಗ ಹೇಳಿ ತಾಳ್ಮೆಯ ಮಾತು."

ಆ ಸಂಜೆ ಡ್ರಮ್ ಮತ್ತೆ ತುಂಬಿತು. ನೀರು ಹೊತ್ತವರು ಒಂಬತ್ತು ಮನೆಯ ಗಂಡಸರು. ಅಭ್ಯಾಸವಿಲ್ಲದ ಹೆಗಲು, ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಮೀನುಗಾರನ ಮೋಟಾರು ಆ ನೀರಿಗೆ ಒಂಟಿಯಾಗಿ ಇಳಿಯಿತು. ಪಕ್ಕದ ತೂತಿನಿಂದ ಮೊದಲು ಕಲಕು ನೀರು ಚಿಮ್ಮಿತು, ಬರಬರುತ್ತ ತಿಳಿಯಾಯಿತು. ಮೀನುಗಾರ ಸೀಮೆಎಣ್ಣೆಯ ಕೊಳವೆ ಬಿಡಿಸಿದ. ಒಳಗೆ ಉಳಿದ ಎಣ್ಣೆಯನ್ನೆಲ್ಲ ಉರಿಸಿ ಮುಗಿಸಿ ಮೋಟಾರು ತಾನಾಗಿ ನಿಂತಿತು. ಅವನು ಪ್ಲಗ್ ಬಿಚ್ಚಿ ಆಯಿಲ್ ಬಿಟ್ಟ, ಮೋಟಾರು ಚಾಲೂ ಮಾಡುವ ಹಗ್ಗ ಎಳೆದು ಅದನ್ನು ಒಳಗೆಲ್ಲ ಹರಡಿಸಿದ, ಮೇಲೆ ಗೋಣಿ ಸುತ್ತಿದ.

ಹೆಂಡತಿ ಸಿಂಬಿ ಬಿಚ್ಚಿ ಕೊಡವಿದಳು. ಯಾರಿಗೂ ಕೈಮುಗಿಯಲಿಲ್ಲ. ಅವಳ ಕೋಪ ಇಳಿದಿತ್ತು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಅಷ್ಟು ವರ್ಷ ಹೊತ್ತ ಕೊಡ ಒಂದು ಸಂಜೆಯಲ್ಲಿ ಇಳಿಯುವುದಿಲ್ಲ.

ಇಷ್ಟು ಹೇಳಿ ಮಾತಾಜಿ ನಿಲ್ಲಿಸಿದರು.

ವಾಮದೇವ ಕತೆಯನ್ನು ಮನಸ್ಸಿಟ್ಟು ಕೇಳಿದ್ದ. ಯಜಮಾನನ ಮೇಲೆ ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಎಂಥ ಜನ, ಮಾತಾಜಿ! ಒಬ್ಬರಾದರೂ ಆ ಡ್ರಮ್ಮಿನೊಳಗೆ ಇಣುಕಿ ನೋಡಬಾರದಿತ್ತೇ?" ಎಂದ. ಆಮೇಲೆ, "ಆದರೂ ಆಕೆ ಕೊನೆಗೆ ತಪ್ಪಾಯಿತು ಎಂದಳೇ?" ಎಂದು ಕೇಳಿದ.

ಮಾತಾಜಿ ಅಡುಗೆಮನೆಯ ಕಡೆ ನೋಡಿದರು. ಸಂಜೆಯಾಗಿದ್ದರೂ ಅಲ್ಲಿ ಒಲೆ ಹೊತ್ತಿರಲಿಲ್ಲ. ಬಾಗಿಲ ಬಳಿ ಪದ್ದಕ್ಕನ ಬಟ್ಟೆಯ ಗಂಟು ಇತ್ತು.

"ನೆಲ ಒರೆಸುವ ಹಾಗೇನೂ ಆಗಲಿಲ್ಲ ಎಂದೆಯಲ್ಲ ವಾಮದೇವ, ಮೂರು ಪಂಕ್ತಿ ಎದ್ದ ಮೇಲೆ ಪದ್ದಕ್ಕ ಒಗೆದ ಆ ಪಾತ್ರೆಯಲ್ಲಿ ಏನಿತ್ತು?"