ಬೇಗ ಸಿಕ್ಕ ಓಲೆ

"ಬುದ್ಧೀ, ಕೆಲಸದಲ್ಲಿ ತೃಪ್ತಿ ಇರುವವನಿಗೆ ಸಂಬಳ ಕಡಿಮೆ ಇರಬೇಕೆಂದು ಎಲ್ಲಾದರೂ ಬರೆದಿದೆಯೇ?"

ಕೇಳಿದವನು ಚೆನ್ನವೀರಯ್ಯ, ಮಠದ ಓಲೆಗರಿಗಳ ಭಂಡಾರ ನೋಡಿಕೊಳ್ಳುವ ಶಿಷ್ಯ. ಅವನ ಮನೆಯ ರಾಗಿ ತಿಂಗಳ ಇಪ್ಪತ್ತಕ್ಕೇ ಮುಗಿಯುತ್ತಿತ್ತು. ಮೂರು ವರ್ಷದಿಂದ ಇದನ್ನೇ ಕೇಳುತ್ತಿದ್ದ. ಗುರುಗಳು ನಕ್ಕು ಕಳಿಸುತ್ತಿದ್ದರು. ಈ ಸಲ ಅವನು ಕೂತಲ್ಲಿಂದ ಏಳಲಿಲ್ಲ. ಹಾಗಾಗಿ ಗುರುಗಳು ಕತೆ ಹೇಳಬೇಕಾಯಿತು.

ಒಬ್ಬ ವರ್ತಕನಿದ್ದ. ಹೋದ ಸಲ ಈ ಕತೆ ಹೇಳಿದಾಗ ಅವನು ರಾಜನಾಗಿದ್ದ, ಅದಿರಲಿ. ಅವನ ಮನೆಯಲ್ಲಿ ಎರಡು ಸಾವಿರ ಓಲೆಕಟ್ಟುಗಳಿದ್ದವು. ಅವನ್ನು ಕಾಯಲು ಒಬ್ಬ ಭಂಡಾರಿ. ಯಾವ ಓಲೆ ಕೇಳಿದರೂ ಕೇಳಿದವನು ಬಾಯಿ ಮುಚ್ಚುವುದರೊಳಗೆ ತಂದಿಡುತ್ತಿದ್ದ. ಸಂಬಳ ಹೆಚ್ಚಿಸಿ ಎಂದರೆ ವರ್ತಕ, "ಇಷ್ಟು ಹಗುರ ಕೆಲಸ. ಮೇಲೆ ತೃಪ್ತಿ ಬೇರೆ" ಎನ್ನುತ್ತಿದ್ದ.

ಭಂಡಾರಿಯ ಹೆಂಡತಿ ಉಪಾಯ ಹೇಳಿಕೊಟ್ಟಳು: "ನಾಳೆ ಏನು ಕೇಳಿದರೂ ಮಧ್ಯಾಹ್ನದವರೆಗೆ ಹುಡುಕುತ್ತ ಒಳಗೇ ಕೂತಿರಿ. ಬೆವರು ಕಂಡರೆ ಸಂಬಳ ಏರುತ್ತದೆ."

ಮರುದಿನ ವರ್ತಕನ ಕುದುರೆಗೆ ಹೊಟ್ಟೆನೋವು. ಮದ್ದಿನ ಓಲೆ ಬೇಕಾಯಿತು. ಭಂಡಾರಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತ. ಕುದುರೆ ಒಮ್ಮೆ ನರಳಿತು. ಅವನು ಓಲೆ ಹಿಡಿದು ಹೊರಗೆ ಬಂದ. ಲಾಯದವನು ಎರಡು ಗಳಿಗೆ ಮದ್ದು ಅರೆದ, ಚೆನ್ನಾಗಿ ಬೆವರಿದ. ಕುದುರೆ ಎದ್ದು ನಿಂತಿತು. ವರ್ತಕ ಲಾಯದವನ ಸಂಬಳ ಏರಿಸಿದ.

ಮನೆಯಲ್ಲಿ ಹೆಂಡತಿ ಕೇಳಿದಳು: "ಕೂತಿರಿ ಅಂದಿದ್ದೆನಲ್ಲ?"

"ಕೂತಿದ್ದೆ ಕಣೇ. ಕಟ್ಟು ಎಲ್ಲಿದೆ ಅಂತ ಕೈಗೆ ಗೊತ್ತಿತ್ತು."

"ಹಾಗಾದರೆ ರಾಗಿ ಎಲ್ಲಿದೆ ಅಂತ ಆ ಕೈಯನ್ನೇ ಕೇಳಿ" ಎಂದು ಅವಳು ಬರಿದಾದ ಮಡಕೆಯನ್ನು ಮುಂದಿಟ್ಟಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಚೆನ್ನವೀರಯ್ಯ.

"ಆಮೇಲಿನದು ಇರಲಿ. ನಮ್ಮ ಮಠದ ಸಂಬಳದ ಓಲೆ ಹುಡುಕಿ ತಾ. ಅವಸರವಿಲ್ಲ. ಸಂಜೆಯವರೆಗೆ ಹುಡುಕಿದರೂ ಆದೀತು."

ಚೆನ್ನವೀರಯ್ಯ ಎದ್ದು ಹೋದ. ಗುರುಗಳು ಮಗ್ಗುಲು ಬದಲಿಸುವುದರೊಳಗೆ ಓಲೆ ಅವರ ಮುಂದಿತ್ತು. ತಂದಿಟ್ಟ ಮೇಲೆ ಅವನಿಗೆ ತಾನು ಮಾಡಿದ್ದು ಹೊಳೆಯಿತು. ತನ್ನ ಹಣೆಯನ್ನು ತಾನೇ ತಟ್ಟಿಕೊಂಡ.

ಗುರುಗಳು ಓಲೆ ಬಿಚ್ಚಿದರು. ಅಡುಗೆಯವನ ಹೆಸರಿನ ಮುಂದೆ ಆರು ಕೊಳಗ ರಾಗಿ ಎಂದಿತ್ತು. ಆನೆಯವನಿಗೆ ಏಳು. ಚೆನ್ನವೀರಯ್ಯನ ಹೆಸರಿನ ಮುಂದೆ ಗುರುಗಳದೇ ಅಕ್ಷರದಲ್ಲಿ ಹೀಗಿತ್ತು: ಮೂರು ಕೊಳಗ ರಾಗಿ, ಉಳಿದದ್ದು ತೃಪ್ತಿ.

ಗುರುಗಳು ಓಲೆಯ ಮೇಲೆ ಬರೆಯುವ ಕಬ್ಬಿಣದ ಕಂಟವನ್ನು ಕೈಗೆತ್ತಿಕೊಂಡು ಹೇಳಿದರು: "ತೃಪ್ತಿಯನ್ನು ನೀನು ನಿನ್ನ ಮನೆಯಿಂದಲೇ ತಂದಿದ್ದೆ ವೀರಯ್ಯ, ನಾನು ಕೊಟ್ಟೆನೆಂದು ಬರೆದುಕೊಂಡೆ."