ಪುರ್ಸು ನೀರುಬೈಕಿನ ಕೆಲಸಕ್ಕೆ ಸೇರಿದ್ದು

ಕೂತ್ಕೊಳ್ಳಿ, ಹೊಟ್ಟೆ ಹಿಡ್ಕೊಂಡೇ ಕೂತ್ಕೊಳ್ಳಿ, ಆಮೇಲೆ ನನ್ನ ಬೈಬೇಡಿ.

ಹೊನ್ನಾವರದ ಕಡೆ ಸಣ್ಣಬೇಲೆ ಅಂತ ಒಂದು ಕಡಲತಡಿ. ಅಲ್ಲಿ ಮೀನು ಮಾರುವ ಮಾಸ್ತಮ್ಮ. ಅವಳಿಗೆ ಒಬ್ಬನೇ ಮಗ, ಪುರ್ಸು. ಎತ್ತರ ಆರಡಿ, ವಯಸ್ಸು ಇಪ್ಪತ್ತೆರಡು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು! ಬೇರೆಯವರ ಮನೆಯಲ್ಲಿ ಮಕ್ಕಳು ಹೇಳಿದ ಮಾತು ಕೇಳೋದಿಲ್ಲ ಅಂತ ಬೈಗುಳ. ಮಾಸ್ತಮ್ಮನ ಮನೆಯಲ್ಲಿ ಮಗ ಹೇಳಿದ್ದನ್ನೆಲ್ಲ ಕೇಳ್ತಾನೆ ಅಂತ ಬೈಗುಳ. "ಅನ್ನ ಬೆಂದಿದೆಯಾ ನೋಡು" ಅಂದರೆ ನೋಡಿ ಬರುತ್ತಿದ್ದ. ಒಲೆಯಿಂದ ಇಳಿಸುತ್ತಿರಲಿಲ್ಲ. ಇಳಿಸು ಅಂತ ಯಾರು ಹೇಳಿದ್ದರು?

ಮಾಸ್ತಮ್ಮನ ಗಂಡ ಆಳಸಮುದ್ರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅವನು ಬಿಟ್ಟುಹೋದ ಬೀಸುಬಲೆ ಪುರ್ಸುವಿನ ಹೆಗಲಿನಿಂದ ಇಳಿಯುತ್ತಲೇ ಇರಲಿಲ್ಲ. ಈಗ ಅವಳ ಅಣ್ಣ, "ಪುರ್ಸುನ ನನ್ ಬೋಟಿಗೆ ಕಳ್ಸೇ" ಅಂತ ದಿನಾ ಬಂದು ಕೂರುತ್ತಿದ್ದ. ಈ ಮಗ ಆಳಸಮುದ್ರದಲ್ಲಿ ಒಂದು ದಿನ ಉಳಿಯುವುದುಂಟೇ! ಅದಕ್ಕೇ ಗಜಣ್ಣನ ಹತ್ತಿರ ಹೋಗಿ ಅಂಗಲಾಚಿದಳು. ಗಜಣ್ಣ ಪ್ರವಾಸಿಗಳಿಗೆ ನೀರುಬೈಕು ಕೊಡುವವ. ನೀರುಬೈಕು ಅಂದರೆ ಅದೇ, ಜೆಟ್ ಸ್ಕೀ, ಅಲೆಯ ಮೇಲೆ ಬುರ್ರ್ ಅಂತ ಹೋಗೋದು.

"ದಡದ ಕೆಲ್ಸ ಆದ್ರೆ ನಂಗೂ ನಿದ್ದೆ ಬರ್ತದೆ ಒಡ್ಯಾ" ಅಂದಳು ಮಾಸ್ತಮ್ಮ.

"ಬರ್ಲಿ" ಅಂದ ಗಜಣ್ಣ. ಪಾಪ, ಅವನಿಗೇನು ಗೊತ್ತು!

ಮೊದಲ ದಿನ ಗಜಣ್ಣ ಕಣ್ಣು ಕೆಂಪಗೆ ಮಾಡಿ ಹೇಳಿದ: "ನೋಡು ಪುರ್ಸು, ನೀರಿಗೆ ಇಳಿಯೋದು ಯಾವುದೇ ಇರ್ಲಿ, ಲೈಫ್ ಜಾಕೆಟ್ ತೊಡಿಸ್ದೆ ಇಳಿಸ್ಬೇಡ!"

"ಆಯ್ತು ಒಡ್ಯಾ!"

ಮಧ್ಯಾಹ್ನ ಬೈಕಿಗೆ ಲಂಗರು ಹಾಕು ಅಂದರು. ಲಂಗರು ಎಲ್ಲಿಗೆ ಇಳಿಯೋದು? ನೀರಿಗೆ! ಪುರ್ಸು ಲಂಗರಿಗೆ ಮೂರು ಜಾಕೆಟ್ ತೊಡಿಸಿದ, ಬೆಲ್ಟು ಬಿಗಿದ, ಪ್ರೀತಿಯಿಂದ ಇಳಿಸಿದ. ಲಂಗರು ತೇಲಿತು! ಬೈಕೂ ತೇಲಿತು! ಲಂಗರು ಮುಂದೆ, ಬೈಕು ಹಿಂದೆ, ಎರಡೂ ಪಕ್ಕದೂರಿನ ದಡಕ್ಕೆ ಹೋಗಿ ಮುಟ್ಟಿದವು.

"ಅಯ್ಯೋ ಪೆದ್ದೇ!" ಗಜಣ್ಣ ತಲೆ ಚಚ್ಚಿಕೊಂಡ. "ಲಂಗರು ಮುಳುಗ್ಬೇಕು ಮಾರಾಯಾ! ಅದ್ನ ಬಿಡು. ಈ ಕೆಂಪು ದಾರ ನೋಡು. ಒಂದು ತುದಿ ಕೀಲಿಗೆ, ಒಂದು ತುದಿ ಕೈಗೆ. ಆಳು ಬಿದ್ರೆ ಕೀಲಿ ಕಿತ್ಕೊಂಡು ಇಂಜಿನ್ ನಿಲ್ಬೇಕು. ದಾರ ಕಟ್ದೆ ಯಾವ ಗಾಡಿನೂ ಹೊರಡ್ಬಾರ್ದು!"

"ಆಯ್ತು ಒಡ್ಯಾ!"

ಮಾರನೆಯ ದಿನ ಆಯಿಲ್ ತರಲು ಪೇಟೆಗೆ ಕಳಿಸಿದರು. ಬರುವಾಗ ಪುರ್ಸು ಬಸ್ಸಿನಲ್ಲಿ ಡ್ರೈವರ್ ಪಕ್ಕವೇ ಕೂತ. ನೋಡ್ತಾನೆ, ಕೀಲಿಗೆ ದಾರವೇ ಇಲ್ಲ! ಕಿಸೆಯಿಂದ ಕೆಂಪು ದಾರ ತೆಗೆದ, ಕೀಲಿಗೊಂದು ಗಂಟು, ತನ್ನ ಕೈಗೊಂದು ಗಂಟು. ದೃಷ್ಟಿದಾರ ಇರಬೇಕು ಅಂದುಕೊಂಡ ಡ್ರೈವರ್, "ಕಟ್ಟು ತಮ್ಮಾ, ಒಳ್ಳೇದಾಗ್ಲಿ" ಅಂದ. ಊರು ಬಂತು. ಪುರ್ಸು ಟಣ್ಣನೆ ಜಿಗಿದ. ಕೀಲಿಯೂ ಟಣ್ಣನೆ ಜಿಗಿಯಿತು! ನಲವತ್ತು ಜನ ಬಿಸಿಲಲ್ಲಿ ಬೇಯುತ್ತ ಕೂತರು, ಪುರ್ಸು ಗದ್ದೆಬಯಲಲ್ಲಿ ಹಾಯಾಗಿ ನಡೆದು ಗಜಣ್ಣನ ಮುಂದೆ ನಿಂತ.

"ಆಳು ಇಳ್ದ, ಇಂಜಿನ್ ನಿಲ್ತು! ಸಮಾ ಕೆಲ್ಸ ಮಾಡ್ತದೆ ಒಡ್ಯಾ!"

"ಎಂತಾ ತಲೆಯೋ ನಿಂದು! ಅದು ಓಡಿಸೋನಿಗೆ! ಹಿಂದೆ ಇರೋನು ಎಂತ ಮಾಡ್ಬೇಕು? ಮುಂದಿನವ್ರ ಸೊಂಟ ಗಟ್ಟಿಯಾಗಿ ಹಿಡ್ಕೊಳ್ಬೇಕು. ಇಂಜಿನ್ ನಿಲ್ಲೋವರೆಗೆ ಬಿಡ್ಬಾರ್ದು!"

"ಆಯ್ತು ಒಡ್ಯಾ!"

ಆ ಸಂಜೆ ಮಾಸ್ತಮ್ಮ ಅಕ್ಕಿ ಕೊಟ್ಟು ಹಿಟ್ಟಿನ ಗಿರಣಿಗೆ ಕಳಿಸಿದಳು. ಗಿರಣಿ ಗಡಗಡ ಅನ್ನುತ್ತಿತ್ತು. ಸಾಲಿನಲ್ಲಿ ಪುರ್ಸುವಿನ ಮುಂದೆ ನಿಂತವರು ಯಾರು? ಊರೇ ಹೆದರುವ ಪರಮೇಶ್ವರ ಮಾಸ್ತರರು! ಪುರ್ಸು ಅವರ ಸೊಂಟ ತಬ್ಬಿ ಹಿಡಿದ.

"ಬಿಡೋ!"

"ಇಂಜಿನ್ ನಿಂತಿಲ್ಲ ಮಾಸ್ತರೇ!"

ಮಾಸ್ತರರು ಕೊಸರಿಕೊಂಡರು, ಗದರಿದರು, ಕೊನೆಗೆ ಹಿಟ್ಟು ಎತ್ತಿಕೊಂಡು ಮನೆಗೇ ಹೊರಟರು. ಹಿಂದೆ ಪುರ್ಸುವೂ ಹೊರಟ. ಗಿರಣಿಯ ಸದ್ದು ಮಾಸ್ತರರ ಅಂಗಳದವರೆಗೂ ಕೇಳುತ್ತಿತ್ತಲ್ಲ! "ಇದ್ಯಾರ್ರೀ ನಿಮ್ಮ ಬೆನ್ನಿಗೆ?" ಅಂತ ಅವರ ಹೆಂಡತಿ ಕೂಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಸದ್ದು ನಿಂತಿತು. ಪುರ್ಸು ಫಕ್ಕನೆ ಬಿಟ್ಟ. ಮಾಸ್ತರರು ಮುಗ್ಗರಿಸಿ ಹಿಟ್ಟಿನಲ್ಲೇ ಮುಖ ತೊಳೆದರು!

ದೂರು ಗಜಣ್ಣನವರೆಗೂ ಹೋಯಿತು. ಮಾಸ್ತಮ್ಮ ಅತ್ತಳು. "ಮಾವನ ಬೋಟೇ ಗತಿ ನಿಂಗೆ! ನಿನ್ನಪ್ಪನ ಹಾಗೆ ನೀನೂ ಹೋಗ್ತೀಯಲ್ಲೋ!" ಮಗನನ್ನು ಎಳೆದುಕೊಂಡು ಮತ್ತೆ ಗಜಣ್ಣನ ಕಾಲಿಗೆ ಬಿದ್ದಳು.

"ಇದೇ ಕಡೇ ಸಲ" ಅಂದ ಗಜಣ್ಣ. "ಇನ್ನೊಂದು ಎಡವಟ್ಟು ಮಾಡಿದ್ರೆ ಮನೆಗೆ! ಕೇಳು ಪುರ್ಸು, ಮನುಷ್ಯರ ತಂಟೆಗೇ ಹೋಗ್ಬೇಡ. ನೀರಲ್ಲಿ ಮನುಷ್ಯನ ತಲೆ ಕಂಡ್ರೆ ಐವತ್ತು ಮಾರು ದೂರ ಇರ್ಬೇಕು!"

"ಆಯ್ತು ಒಡ್ಯಾ!"

ಭಾನುವಾರ ಬಂತು, ಪ್ರವಾಸಿಗಳು ಜಾತ್ರೆಯ ಹಾಗೆ ಸೇರಿದರು. ಗಜಣ್ಣನಿಗೆ ಹುರುಪು ಬಂತು. ಸೆಕೆ ಅಂತ ಜಾಕೆಟ್ ಕುರ್ಚಿಯ ಮೇಲೆ ಬಿಟ್ಟ. ಅರ್ಜೆಂಟು ಅಂತ ದಾರ ಕಟ್ಟಲಿಲ್ಲ. ಊರಿಗೆಲ್ಲ ಹೇಳುವವನಿಗೆ ಹೇಳುವವರು ಯಾರು? ಬುರ್ರ್ ಅಂತ ಹೋದ, ದೂರದಲ್ಲಿ ಗಿರಕಿ ಹೊಡೆದ, ದುಡುಂ ಅಂತ ಬಿದ್ದ! ಬೈಕು ಅವನನ್ನು ಬಿಟ್ಟು ತನ್ನ ಪಾಡಿಗೆ ತಾನು ಹೋಯಿತು.

"ಪುರ್ಸೂ! ಬಾರೋ!"

ಓಡಿಸುವುದು ಪುರ್ಸುವಿಗೆ ಚೆನ್ನಾಗಿ ಬರುತ್ತಿತ್ತು. ಜಾಕೆಟ್ ಹಾಕಿದ, ದಾರ ಕಟ್ಟಿದ, ಇನ್ನೊಂದು ಬೈಕಿನಲ್ಲಿ ಹಾರಿ ಬಂದ. ಬಂದವನು ಐವತ್ತು ಮಾರು ದೂರದಲ್ಲಿ ಸುತ್ತತೊಡಗಿದ.

"ಹತ್ರ ಬಾರೋ!"

"ನೀವು ಮನುಷ್ಯರಲ್ವಾ ಒಡ್ಯಾ! ಐವತ್ತು ಮಾರು!"

"ಕೈ ಸೋಲ್ತಾ ಉಂಟೋ! ಸಾಯ್ತೇನೋ!"

"ಹೇಳಿದ್ದು ಮೀರಿದ್ರೆ ಕೆಲ್ಸ ಹೋಗ್ತದೆ ಒಡ್ಯಾ! ಅವ್ವೆ ಅಳ್ತಾಳೆ!"

ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಗಜಣ್ಣ ಎರಡು ಗುಟುಕು ಉಪ್ಪುನೀರು ಕುಡಿದ. ಆಮೇಲೆ ಜೀವವೆಲ್ಲ ಬಾಯಿಗೆ ತಂದುಕೊಂಡು ಕಿರುಚಿದ: "ನಾನು ಮನುಷ್ಯ ಅಲ್ವೋ! ಮೀನು! ಮೀನು ನಾನು!"

ಮೀನು! ಮೊದಲೇ ಹೇಳಬಾರದೇ! ಅಪ್ಪನ ಬೀಸುಬಲೆಯನ್ನು ಪುರ್ಸು ಎಲ್ಲಿಗೂ ಬಿಟ್ಟು ಹೋಗುವವನಲ್ಲ. ಹತ್ತಿರ ಬಂದ, ಇಂಜಿನ್ ನಿಲ್ಲಿಸಿದ, ಹೆಗಲಿನ ಬಲೆ ಬೀಸಿದ, ಗಜಣ್ಣನನ್ನು ಅನಾಮತ್ತಾಗಿ ಎತ್ತಿ ಸೀಟಿಗೆ ಹಾಕಿದ, ನೆಟ್ಟಗೆ ದಡಕ್ಕೆ ತಂದು, ಅಲ್ಲೇ ಮೀನು ಮಾರುತ್ತ ಕೂತಿದ್ದ ಅವ್ವೆಯ ಬುಟ್ಟಿಯ ಪಕ್ಕ ಸುರಿದ.

"ಅವ್ವೇ, ದೊಡ್ದು ಸಿಕ್ತು!"

ಮಾಸ್ತಮ್ಮ ಎದೆ ಹಿಡಿದುಕೊಂಡಳು. ಮುಗೀತು, ಕೆಲಸ ಹೋಯಿತು, ನಾಳೆ ಬೋಟು!

ಆದರೆ ಬಲೆಯೊಳಗೆ ಕೆಮ್ಮುತ್ತ ಎದ್ದು ಕೂತ ಗಜಣ್ಣನ ಕಣ್ಣಲ್ಲಿ ನೀರು. "ಮಾಸ್ತಮ್ಮಾ, ನಾನು ಜಾಕೆಟ್ ಹಾಕ್ಲಿಲ್ಲ, ದಾರ ಕಟ್ಲಿಲ್ಲ. ಇವ ಎರಡೂ ಮಾಡ್ದ. ಈ ದಡದಲ್ಲಿ ನನ್ನ ಮಾತು ಕೇಳೋನು ನಿನ್ ಮಗ ಒಬ್ನೇ. ನಾ ಇರೋವರೆಗೂ ಅವ್ನಿಗೆ ಇಲ್ಲೇ ಕೆಲ್ಸ. ಯಾವ ಬೋಟೂ ಬೇಡ."

ಮಾಸ್ತಮ್ಮನ ಸಂತೋಷ ಕೇಳಬೇಕೇ! ಅಳುವುದೋ ನಗುವುದೋ ತಿಳಿಯದೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಸಾಕು ಮಾರಾಯಾ" ಅಂದ ಗಜಣ್ಣ. "ಈಗ ನನ್ನ ಬಿಟ್ಬಿಡು."

"ಆಯ್ತು ಒಡ್ಯಾ!"

ಪುರ್ಸು ಬಲೆ ಸಮೇತ ಒಡೆಯನನ್ನು ಹೆಗಲಿಗೇರಿಸಿದ, ಓಡಿದ, ಸೊಂಟದ ನೀರಿಗೆ ಇಳಿದ, ಬಲೆ ಬಿಚ್ಚಿ ಗಜಣ್ಣನನ್ನು ಕಡಲಿಗೆ ಬಿಟ್ಟ.

"ಹುಷಾರಾಗಿ ಹೋಗಿ ಒಡ್ಯಾ! ಮತ್ತೆ ಯಾರ ಬಲೆಗೂ ಬೀಳ್ಬೇಡಿ!"